ಡಬ್ಬಿಯದೋ, ಅಂಗಡಿಯದೋ, ತೋಟದ್ದೋ: ಕಾಫಿ ಪುಡಿ ಆರಿಸುವ ಮುನ್ನ

ಕಾಫಿ ಸೀಮೆಯವರೂ ಸೂಪರ್ ಮಾರ್ಕೆಟ್ಟಿನ ಪುಡಿ ಕಾಫಿ ಕುಡಿಯುತ್ತಾರೆ ಎಂದರೆ ಹೊರಗಿನವರು ನಂಬುವುದಿಲ್ಲ. ಆಲ್ದೂರು, ಮೂಡಿಗೆರೆ, ಸಕಲೇಶಪುರ, ಯಾವ ಕಡೆಗಾದರೂ ಹೋಗಿ ನೋಡಿ. ಕಣದಲ್ಲಿ ಕಾಫಿ ಹಣ್ಣು (ಚೆರ್ರಿ) ಒಣಗುತ್ತಿರುತ್ತದೆ, ಒಳಗೆ ಅಡುಗೆಮನೆಯಲ್ಲಿ ಪೇಟೆಯಿಂದ ತಂದ ಪುಡಿಯಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತದೆ. ಹಿತ್ತಲ ಗಿಡದ ಗಾದೆ ಹೇಳಿ ನಗುವುದು ಸುಲಭ. ಗಿಡದಿಂದ ಲೋಟಕ್ಕೆ ಇರುವ ದಾರಿ ಎಷ್ಟು ಉದ್ದ ಎನ್ನುವುದು ಬೆಳೆಗಾರರ ಮನೆಯವರಿಗೆ ಗೊತ್ತು.

ಡಬ್ಬಿ ಕಾಫಿ ಎಂದಾಗ ನಾನು ತಗಡಿನ ಡಬ್ಬಿಯನ್ನಷ್ಟೇ ಹೇಳುತ್ತಿಲ್ಲ. ಕಾರ್ಖಾನೆಯಲ್ಲೇ ಹುರಿದು, ಬೀಸಿ, ಗಾಳಿಯಾಡದಂತೆ ಮುಚ್ಚಿ ಬರುವ ಎಲ್ಲವೂ ಇದರೊಳಗೆ ಸೇರಿತು: ಸಾದಾ ಪ್ಯಾಕೆಟ್ಟು, ಗಾಳಿ ಹೀರಿ ತೆಗೆದು ಇಟ್ಟಿಗೆಯಂತೆ ಗಟ್ಟಿಯಾದ ಪೊಟ್ಟಣ, ಅಮೆರಿಕದಿಂದ ಮಕ್ಕಳು ತರುವ ದೊಡ್ಡ ಡಬ್ಬಿ. ಇದಕ್ಕೆ ಎದುರಾಗಿ ನಮ್ಮೂರಲ್ಲಿ ಎರಡು ದಾರಿಗಳಿವೆ. ಒಂದು, ಕಾಫಿ ಪುಡಿ ಅಂಗಡಿಯಲ್ಲಿ ಕಣ್ಣೆದುರು ಬೀಸಿಸಿಕೊಳ್ಳುವುದು. ಇನ್ನೊಂದು, ತೋಟದ ಬೀಜವನ್ನು ಮನೆಯಲ್ಲೇ ಹುರಿದುಕೊಳ್ಳುವುದು. ಮೂರರಲ್ಲಿ ಯಾವುದು ಮೇಲು ಎಂದು ಕೇಳಿದರೆ ಉತ್ತರ ಸಿಗದು. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬೇರೆ: ನಿಮ್ಮ ಮನೆಯಲ್ಲಿ ಕಾಲು ಕಿಲೋ ಪುಡಿ ಎಷ್ಟು ದಿನ ಬರುತ್ತದೆ?

ಲೋಟಕ್ಕೆ ಸುಮಾರು 10 ಗ್ರಾಂ ಪುಡಿ ಎಂದು ಹಿಡಿಯಿರಿ. ಗಂಡ ಹೆಂಡತಿ ಇಬ್ಬರೂ ಎರಡು ಹೊತ್ತು ಕುಡಿಯುವ ಮನೆಯಲ್ಲಿ ದಿನಕ್ಕೆ 40 ಗ್ರಾಂ. ವಾರದೊಳಗೆ 250 ಗ್ರಾಂ ಖಾಲಿ. ಒಬ್ಬರೇ ಇದ್ದು ಬೆಳಿಗ್ಗೆ ಒಂದೇ ಲೋಟ ಕುಡಿಯುವವರಾದರೆ ಅದೇ ಪೊಟ್ಟಣ ಇಪ್ಪತ್ತೈದು ದಿನ ಬರುತ್ತದೆ. ಮೊದಲ ಮನೆಗೆ ಒಪ್ಪುವ ಪುಡಿ ಎರಡನೆಯ ಮನೆಗೆ ಒಪ್ಪುವುದಿಲ್ಲ. ಏಕೆಂದರೆ ಹುರಿದ ಬೀಜವನ್ನು ಪುಡಿ ಮಾಡಿದ ಕ್ಷಣದಿಂದ ಅದರ ಘಮ ಹಾರತೊಡಗುತ್ತದೆ. ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಇಡೀ ಬೀಜದಿಂದ ಅದು ದಿನಗಟ್ಟಲೆ ನಿಧಾನವಾಗಿ ಹೊರಬರುತ್ತದೆ, ಪುಡಿಯಿಂದಾದರೋ ಬಹುಪಾಲು ಕೆಲವೇ ಗಂಟೆಗಳಲ್ಲಿ ಹೊರಟುಹೋಗುತ್ತದೆ, ಹೋಗುವಾಗ ಘಮವನ್ನೂ ಎಳೆದುಕೊಂಡು ಹೋಗುತ್ತದೆ. ಅದು ಖಾಲಿ ಮಾಡಿದ ಜಾಗಕ್ಕೆ ಆಮ್ಲಜನಕ ನುಗ್ಗಿ ಬೀಜದ ಎಣ್ಣೆಯಂಶವನ್ನು ಕೆಡಿಸುತ್ತದೆ. ಹಳೆ ಪುಡಿಯ ಡಬ್ಬಿ ತೆಗೆದಾಗ ಹೊಡೆಯುವ ಕಮಟು ವಾಸನೆ ಅದೇ.

ಈಗ ಡಬ್ಬಿಯ ಜಾಣತನ ನೋಡಿ. ಒಳಗಿನ ಗಾಳಿ ತೆಗೆದುಬಿಟ್ಟರೆ ಪುಡಿ ಕೆಡುವುದು ನಿಂತಂತೆಯೇ. ಸ್ಯಾನ್ ಫ್ರಾನ್ಸಿಸ್ಕೋದ ಹಿಲ್ಸ್ ಬ್ರದರ್ಸ್ ಕಂಪನಿ 1900ರಲ್ಲೇ ನಿರ್ವಾತ ಡಬ್ಬಿಯಲ್ಲಿ ಕಾಫಿ ತುಂಬಿ ಮಾರಲು ಶುರು ಮಾಡಿತು. ಅಲ್ಲಿಯವರೆಗೆ ಅಮೆರಿಕದ ಊರೂರಲ್ಲೂ ನಮ್ಮಲ್ಲಿರುವಂತೆಯೇ ಹುರಿದು ಮಾರುವ ಸಣ್ಣ ಅಂಗಡಿಗಳಿದ್ದವು; ಡಬ್ಬಿ ಬಂದ ಮೇಲೆ ಅವು ಒಂದೊಂದಾಗಿ ಕಣ್ಮರೆಯಾದವು, ಫೋಲ್ಜರ್ಸ್, ಮ್ಯಾಕ್ಸ್‌ವೆಲ್ ಹೌಸ್‌ನಂಥ ಹೆಸರುಗಳು ಮನೆಮನೆಗೂ ಹೊಕ್ಕವು. ಈ ಜಾಣತನಕ್ಕೆ ತೆರಬೇಕಾದ ಬೆಲೆಯೊಂದಿದೆ. ಬಿಸಿ ಪುಡಿಯನ್ನು ಹಾಗೆಯೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗಿನ ಅನಿಲಕ್ಕೆ ಡಬ್ಬಿ ಉಬ್ಬಿಹೋಗುತ್ತದೆ. ಅದಕ್ಕೇ ಪುಡಿಯನ್ನು ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ಅನಿಲ ಹೋದ ಮೇಲೆ ಮುಚ್ಚುತ್ತಾರೆ. ಅಂದರೆ ಡಬ್ಬಿಯ ಪುಡಿ ತನ್ನ ಘಮದ ಒಂದು ಪಾಲನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದಿರುತ್ತದೆ. ಉಳಿದದ್ದನ್ನು ಮಾತ್ರ ತಿಂಗಳುಗಟ್ಟಲೆ ಕಾಪಾಡುತ್ತದೆ. ಇಟಲಿಯ ಟ್ರಿಯೆಸ್ಟೆಯ ಇಲ್ಲೀ ಕಂಪನಿ ಡಬ್ಬಿಯೊಳಗೆ ಸಾರಜನಕವನ್ನು ಒತ್ತಡದಲ್ಲಿ ತುಂಬಿ ಈ ನಷ್ಟ ತಗ್ಗಿಸಿಕೊಂಡಿದೆ. ಅದರ ಡಬ್ಬಿ ತೆರೆದಾಗ ಬುಸ್ಸೆನ್ನುವುದು ಅದಕ್ಕೇ. ಈಗಿನ ಒಳ್ಳೆ ಪ್ಯಾಕೆಟ್ಟುಗಳಿಗೆ ಒಳಗಿನ ಅನಿಲ ಹೊರಗೆ ಬಿಡುವ, ಹೊರಗಿನ ಗಾಳಿ ಒಳಗೆ ಬಿಡದ ಸಣ್ಣ ಬಿಲ್ಲೆಯಂಥ ವಾಲ್ವ್ ಇರುತ್ತದೆ. ಅದಿದ್ದ ಪ್ಯಾಕೆಟ್ಟನ್ನು ಆರಿಸಿ.

ಆದರೂ ಜನ ಡಬ್ಬಿಗೆ ಮರುಳಾಗುವುದು ಘಮಕ್ಕಲ್ಲ, ಒಂದೇ ರುಚಿಗೆ. ಹೋದ ವರ್ಷ ಕುಡಿದ ಹಾಗೆಯೇ ಈ ವರ್ಷವೂ ಇರಬೇಕು, ಹಾಸನದಲ್ಲಿ ಕೊಂಡರೂ ಅರಸೀಕೆರೆಯಲ್ಲಿ ಕೊಂಡರೂ ನಾಲಗೆಗೆ ವ್ಯತ್ಯಾಸ ಗೊತ್ತಾಗಬಾರದು. ಕಂಪನಿಯವರು ಹಲವು ಕಡೆಯ ಬೀಜ ತಂದು, ಒಂದು ಕಡೆಯದು ಕೆಟ್ಟರೆ ಇನ್ನೊಂದು ಕಡೆಯದನ್ನು ಹೆಚ್ಚಿಸಿ ಹದ ಕಾಯ್ದುಕೊಳ್ಳುತ್ತಾರೆ. ಇದು ಸಣ್ಣ ಕೆಲಸವೇನಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಕಣ್ಣು ಬಿಡುವ ಮೊದಲೇ ಕಾಫಿ ಬೇಕೆನ್ನುವವರಿಗೆ ಅಚ್ಚರಿಯ ರುಚಿ ಬೇಕಿಲ್ಲ, ಗೊತ್ತಿರುವ ರುಚಿ ಬೇಕು. ನಮ್ಮ ಅತ್ತೆಯವರಿಗೆ ಎಷ್ಟೇ ಒಳ್ಳೆಯ ಪೀಬೆರಿ ತಂದು ಕಾಫಿ ಮಾಡಿಕೊಟ್ಟರೂ "ಚೆನ್ನಾಗಿದೆ ಕಣಮ್ಮ, ನಾಳೆಯಿಂದ ನಮ್ಮ ಮಾಮೂಲಿದೇ ಮಾಡು" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಂತೂ ಆಗಿಲ್ಲ.

ಚೀಟಿ ಓದುವ ಬಗೆ

ಡಬ್ಬಿ ಕೊಳ್ಳುವವರು ಮುಂಭಾಗದ ಬಣ್ಣದ ಚಿತ್ರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಬೇಕು. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಮತ್ತು ಎರಡರ ಪ್ರಮಾಣವನ್ನೂ ಚೀಟಿಯ ಮೇಲೆ ಹಾಕಲೇಬೇಕು. ಹಾಗಾಗಿ 53-47 ಎಂಬ ಲೆಕ್ಕ ಅಂಗಡಿಯ ಕಪಾಟಿನಲ್ಲಿ ಬಹಳ ಕಾಣುತ್ತದೆ. ನಿಯಮದ ಗೆರೆ ದಾಟಿ ಎರಡೇ ಹೆಜ್ಜೆ. ಅರ್ಧ ಕಿಲೋ 53-47 ಪುಡಿಯಲ್ಲಿ ನಿಮಗೆ ಸಿಗುವ ಕಾಫಿ 265 ಗ್ರಾಂ. ಅದೇ ತೂಕದ 80-20ರಲ್ಲಿ 400 ಗ್ರಾಂ. ಬೆಲೆ ಹೋಲಿಸುವಾಗ ಪೊಟ್ಟಣದ ತೂಕಕ್ಕಲ್ಲ, ಒಳಗಿನ ಕಾಫಿಯ ತೂಕಕ್ಕೆ ಭಾಗಿಸಿ ನೋಡಿ. ಅಗ್ಗ ಎಂದುಕೊಂಡದ್ದು ಎಷ್ಟೋ ಸಲ ಅಗ್ಗವೇ ಅಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು 2024-25ರಲ್ಲಿ ಕಾಫಿ ಧಾರಣೆ ಏರಿದ ಮೇಲಂತೂ ಈ ಲೆಕ್ಕ ಇನ್ನೂ ಮುಖ್ಯವಾಗಿದೆ. ಬೆಳೆಗಾರರಿಗೆ ಒಳ್ಳೆಯದಾಯಿತು, ಸಂತೋಷ. ಪುಡಿ ಕೊಳ್ಳುವವರ ಕೈ ಮಾತ್ರ ಸುಟ್ಟಿತು.

ಚಿಕೋರಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುವ ಒಂದು ಗಿಡದ ಬೇರನ್ನು ಹುರಿದು ಮಾಡುವ ಪುಡಿ ಅದು. ಕೆಫೀನ್ ಇರುವುದಿಲ್ಲ, ಡಿಕಾಕ್ಷನ್‌ಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ, ಹಾಲು ಬಿದ್ದ ಮೇಲೂ ಕಾಫಿ ನೀರಾಗದಂತೆ ಹಿಡಿದಿಡುತ್ತದೆ. ಶೇ 15ರಿಂದ 20ರಷ್ಟಿದ್ದರೆ ಹಾಲು ಕಾಫಿಗೆ ಅದು ಬೇಕೇ ಬೇಕು ಎನ್ನುವ ಪಕ್ಷ ನನ್ನದು. ಅರ್ಧಕ್ಕರ್ಧ ಆದಾಗ ಕುಡಿಯುತ್ತಿರುವುದು ಯಾವುದು ಎಂಬ ಅನುಮಾನ ಬರುತ್ತದೆ, ಅಷ್ಟೇ. ಚೀಟಿಯನ್ನು ನಂಬದವರು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಒಂದು ಚಮಚ ಪುಡಿ ಉದುರಿಸಲಿ. ಕಾಫಿ ಮೇಲೆ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕಿಳಿಯುತ್ತದೆ.

ಇನ್ನೊಂದು ಮಾತು ಪ್ರವಾಸಿಗರಿಗೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಿ ಇಳಿದು ಬರುವವರು ದಾರಿಬದಿಯ ಅಂಗಡಿಗಳಲ್ಲಿ ಬೆಟ್ಟದ ಚಿತ್ರವಿರುವ ಪ್ಯಾಕೆಟ್ಟು ಕೊಳ್ಳುತ್ತಾರೆ. ಚಿತ್ರದಲ್ಲಿರುವುದು ನಮ್ಮ ಬೆಟ್ಟವೇ, ಸಂಶಯವಿಲ್ಲ. ಒಳಗಿರುವುದು ನಮ್ಮ ಅರೇಬಿಕಾ ಜಾತಿಯ ಕಾಫಿ ಎನ್ನುವುದಕ್ಕೆ ಚಿತ್ರ ಸಾಕ್ಷಿಯಲ್ಲ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಸರು ಸಲ್ಲುವುದು ಇಲ್ಲಿ ಬೆಳೆದ ಅರೇಬಿಕಾ ಬೀಜಕ್ಕೆ, ಊರ ಹೆಸರು ಅಚ್ಚು ಹಾಕಿಸಿದ ಯಾವುದೋ ಚಿಕೋರಿ ಮಿಶ್ರಣಕ್ಕಲ್ಲ. ಇಲ್ಲಿಯೂ ಹಿಂಭಾಗ ತಿರುಗಿಸಿ ಓದುವುದೇ ಉಪಾಯ.

ಬೀಸುವ ಅಂಗಡಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ನಡೆದು ಹೋಗುವಾಗ ಮೂಗು ತಾನಾಗಿ ಒಂದು ಕಡೆ ತಿರುಗುತ್ತದೆ. ಪಾಂಡುರಂಗ ಕಾಫಿಯಂಥ ಹಳೆಯ ಹೆಸರುಗಳಿರುವ ಪೇಟೆ ಇದು. ಹಾಸನದಲ್ಲೂ ಬೀಸಿ ಕೊಡುವ ಅಂಗಡಿಗಳಿಗೆ ಬರವಿಲ್ಲ. ಅಲ್ಲಿ ಮಾತುಕತೆ ಇಷ್ಟೇ:

"ಏನಕ್ಕ, ಪೀಬೆರೀನಾ, ಪ್ಲಾಂಟೇಷನ್ನಾ?"

"ಅರ್ಧ ಅರ್ಧ ಹಾಕಣ್ಣ."

"ಚಿಕೋರಿ?"

"ಇಪ್ಪತ್ತು ಸಾಕು."

ಈ ಎರಡು ಪ್ರಶ್ನೆಗಳಲ್ಲೇ ಡಬ್ಬಿ ಕೊಡದ ಸ್ವಾತಂತ್ರ್ಯವೆಲ್ಲ ಇದೆ. ಹೊಸದಾಗಿ ಹೋಗುವವರಿಗಾಗಿ ಹೇಳುವುದಾದರೆ, ಪೀಬೆರಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾಗಿರುವುದು. ಗುಂಡಗಿರುವುದರಿಂದ ಒಂದೇ ಸಮ ಹುರಿಯುತ್ತದೆ. ಪ್ಲಾಂಟೇಷನ್ ಎಂದರೆ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಸುಲಿಸಿ, ತೊಳೆದು, ಒಳಪೊರೆ ಉಳಿದ ಪಾರ್ಚ್‌ಮೆಂಟ್ ಮಾಡಿ ಒಣಗಿಸಿದ ಅರೇಬಿಕಾ. ಗಾತ್ರ ನೋಡಿ ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಚೆರ್ರಿ ಎಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು. ರೊಬಸ್ಟಾ ಎಂಬ ಇನ್ನೊಂದು ಜಾತಿಯ ಚೆರ್ರಿ ಅಗ್ಗ, ಖಡಕ್, ನೊರೆ ಹೆಚ್ಚು, ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಎಮ್ಮೆ ಹಾಲಿನ ಮಂದ ಕಾಫಿ ಬೇಕಾದವರು ಪೀಬೆರಿಗೆ ಕಾಲು ಭಾಗ ರೊಬಸ್ಟಾ ಸೇರಿಸಿಕೊಂಡರೆ ಜೇಬಿಗೂ ಹಗುರ, ನಾಲಗೆಗೂ ದಕ್ಕುತ್ತದೆ. ಪೀಬೆರಿ ಎಂದ ಕೂಡಲೇ ಮೇಲು ಎಂದು ಮಾತ್ರ ತಿಳಿಯಬೇಡಿ. ಒಂದೇ ತೋಟದ ಒಂದೇ ಕೊಯ್ಲಿನಲ್ಲಿ ಪೀಬೆರಿಗೂ ಉಳಿದದ್ದಕ್ಕೂ ರುಚಿಯಲ್ಲಿ ಹೇಳಿಕೊಳ್ಳುವಷ್ಟು ಅಂತರವಿಲ್ಲ ಎಂದೇ ನನ್ನ ನಾಲಗೆಯ ತೀರ್ಪು. ಬೆಲೆಯಲ್ಲಿ ಮಾತ್ರ ಇದೆ.

ಕಣ್ಣೆದುರು ಬೀಸಿದ್ದೆಲ್ಲ ತಾಜಾ ಎಂದೂ ಅಲ್ಲ. ಬೀಸಿದ್ದು ಇವತ್ತಾದರೂ ಹುರಿದದ್ದು ಯಾವತ್ತು? ಇದನ್ನು ಕೇಳುವವರು ಕಡಿಮೆ. ವ್ಯಾಪಾರ ಚೆನ್ನಾಗಿರುವ ಅಂಗಡಿಯಲ್ಲಿ ಹುರಿದ ಬೀಜ ಎರಡು ಮೂರು ದಿನಕ್ಕಿಂತ ಉಳಿಯುವುದಿಲ್ಲ. ಗಿರಾಕಿ ಕಮ್ಮಿ ಇರುವಲ್ಲಿ ಅದು ಬಾಯಿ ತೆರೆದ ಡಬ್ಬದಲ್ಲಿ ವಾರಗಟ್ಟಲೆ ಕೂತಿರಬಹುದು. ಅಂಥ ಅಂಗಡಿಯ ಪುಡಿಗಿಂತ ಮುಚ್ಚಿ ಬಂದ ಡಬ್ಬಿ ನೂರು ಪಾಲು ವಾಸಿ. ಕೆಲವೆಡೆ ಬೆಳಿಗ್ಗೆಯೇ ಒಂದಷ್ಟು ಬೀಸಿಟ್ಟುಕೊಂಡು ಸಂಜೆಯವರೆಗೆ ಅದನ್ನೇ ತೂಗಿ ಕೊಡುತ್ತಾರೆ. "ನನಗೆ ಈಗ ಬೀಸಿ ಕೊಡಣ್ಣ" ಎಂದು ಬಾಯಿ ಬಿಟ್ಟು ಕೇಳಬೇಕು, ನಾಚಿಕೊಂಡರೆ ನಷ್ಟ ನಮ್ಮದೇ. ಇನ್ನು ಮಿಷನ್ನಿನಿಂದ ಬಿಸಿಬಿಸಿಯಾಗಿ ಇಳಿದ ಪುಡಿಯನ್ನು ಪ್ಲಾಸ್ಟಿಕ್ ಕವರ್‌ಗೆ ತುಂಬಿ ಗಂಟು ಹಾಕಿ ಕೊಟ್ಟರೆ ಮನೆಗೆ ಬಂದ ತಕ್ಷಣ ತೆರೆದು, ಬಿಸಿ ಆರಿದ ಮೇಲೆ ಬೇರೆ ಡಬ್ಬಿಗೆ ಸುರಿದುಕೊಳ್ಳಿ.

ತಾಜಾ ಹೌದೋ ಅಲ್ಲವೋ ಎನ್ನುವುದನ್ನು ಫಿಲ್ಟರೇ ಹೇಳುತ್ತದೆ. ಕುದಿಯುವ ನೀರು ಸುರಿದಾಗ ಹೊಸ ಪುಡಿ ಗುಳ್ಳೆಯೆದ್ದು ಉಬ್ಬುತ್ತದೆ, ಒತ್ತುವ ಬಿಲ್ಲೆಯನ್ನೇ ಮೇಲಕ್ಕೆತ್ತುತ್ತದೆ. ಡಬ್ಬಿಯ ಪುಡಿ ತೆಪ್ಪಗಿರುತ್ತದೆ. ಆದರೆ ಉಬ್ಬುವುದರಿಂದ ತೊಂದರೆಯೂ ಇದೆ: ನೀರು ಒಂದು ಕಡೆ ದಾರಿ ಮಾಡಿಕೊಂಡು ಜಾರಿಹೋಗಿ ಡಿಕಾಕ್ಷನ್ ತೆಳ್ಳಗಾಗುತ್ತದೆ. ಮೊದಲು ಪುಡಿ ನೆನೆಯುವಷ್ಟು ಮಾತ್ರ ನೀರು ಹಾಕಿ ಅರ್ಧ ನಿಮಿಷ ಬಿಟ್ಟು ಉಳಿದದ್ದು ಸುರಿದರೆ ಸರಿಹೋಗುತ್ತದೆ. ಅಂಗಡಿಯ ಪುಡಿ ತಂದು "ಇದಕ್ಕಿಂತ ಪ್ಯಾಕೆಟ್ಟಿನದೇ ಗಟ್ಟಿ ಇಳೀತಿತ್ತು" ಎಂದು ದೂರುವವರಲ್ಲಿ ಅರ್ಧ ಜನ ಈ ಒಂದು ಕೆಲಸ ಮಾಡಿರುವುದಿಲ್ಲ.

ತೋಟದ ಮನೆಯ ಕಾಫಿ

ಇದರ ಬಗ್ಗೆ ಹೊರಗಿನವರಿಗೆ ಇರುವ ಭಕ್ತಿ ನಮಗಿಲ್ಲ, ಕಾರಣ ಇದೆ. ಒಳ್ಳೆಯ ಪಾರ್ಚ್‌ಮೆಂಟ್ ಮೂಟೆ ಕಟ್ಟಿ ಮಾರಾಟಕ್ಕೆ ಹೋಗುತ್ತದೆ. 50 ಕಿಲೋ ಮೂಟೆಗೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪಾಲು) ನೋಡಿ ದರ ಕಟ್ಟುವಾಗ ಒಂದೊಂದು ಬೀಜಕ್ಕೂ ಬೆಲೆಯಿರುತ್ತದೆ. ಭಾರತದ ಕಾಫಿಯ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ದೊಡ್ಡ ಗಿರಾಕಿ ಇಟಲಿ. ಮನೆಗೆ ಉಳಿಯುವುದು ಏನು? ಹಲವು ಮನೆಗಳಲ್ಲಿ ಗಿಡದ ಬುಡದಲ್ಲಿ ಉದುರಿದ್ದನ್ನು ಹೆಕ್ಕಿ ಒಣಗಿಸಿದ್ದು. ಕಾಯಿಕೊರಕ ಹುಳ ಹರಡದಿರಲಿ ಎಂದು ಉದುರಿದ ಹಣ್ಣನ್ನು ಹೇಗೂ ಹೆಕ್ಕಿಸಲೇಬೇಕು, ಹೆಕ್ಕಿದ್ದು ಮನೆಖರ್ಚಿಗೆ. ಅದರಲ್ಲಿ ಕಪ್ಪಾದದ್ದು, ಒಡೆದದ್ದು, ಮುಗ್ಗಿದ್ದು ಎಲ್ಲ ಇರುತ್ತದೆ. ತೋಟದ ಮನೆಯಲ್ಲಿ ಕುಡಿದ ಕಾಫಿ ಒಗರಾಗಿತ್ತು ಎಂದು ಯಾರಾದರೂ ಪಿಸುಗುಟ್ಟಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಬೀಜ ಒಳ್ಳೆಯದೇ ಆದರೂ ಕೆಲಸ ಮುಗಿಯಲಿಲ್ಲ. ಸಿಪ್ಪೆ ತೆಗೆಯಬೇಕು, ಹಿಂದೆ ಒರಳಲ್ಲಿ ಕುಟ್ಟಿ ಮೊರದಲ್ಲಿ ಕೇರುತ್ತಿದ್ದರು, ಈಗ ಹಲ್ಲರ್ ಇರುವ ಕಡೆ ಹೊತ್ತುಕೊಂಡು ಹೋಗಬೇಕು. ಕೆಟ್ಟ ಬೀಜ ಆರಿಸಬೇಕು. ಆಮೇಲೆ ಬಾಣಲೆಯಲ್ಲಿ ಕೈಬಿಡದೆ ಕೈಯಾಡಿಸುತ್ತ ಹುರಿಯಬೇಕು. ಬೀಜ ಚಟಚಟ ಸಿಡಿಯತೊಡಗಿದ ಮೇಲೆ ಗಮನ ಬೇರೆಡೆ ಹೋಯಿತೋ, ಹೊಗೆ ತುಂಬಿ ಕಾಫಿ ಹೋಗಿ ಇದ್ದಿಲಾಗುತ್ತದೆ. ಬಾಣಲೆಯ ಹುರಿಯಲ್ಲಿ ಒಂದು ಬೀಜ ಕಪ್ಪು, ಪಕ್ಕದ್ದು ಇನ್ನೂ ಹಳದಿ. ಒಂದೇ ಸಮ ಬರುವುದು ಅಪರೂಪ. ಒಂದು ಕಿಲೋ ಹಸಿ ಬೀಜ ಹುರಿದರೆ ಕೈಗೆ ಸಿಗುವುದು 800ರಿಂದ 850 ಗ್ರಾಂ. ಇಷ್ಟೆಲ್ಲ ಮಾಡಲು ಮನೆಯಲ್ಲಿ ಯಾರಿಗೆ ಪುರುಸೊತ್ತಿದೆ, ಅದರಲ್ಲೂ ಕೊಯ್ಲಿನ ದಿನಗಳಲ್ಲಿ? ಪೇಟೆಗೆ ಹೋದಾಗ ಎರಡು ಪ್ಯಾಕೆಟ್ಟು ತಂದಿಟ್ಟರೆ ಮುಗಿಯಿತು. ಕಾಫಿ ಸೀಮೆಯ ಅಡುಗೆಮನೆಗಳಿಗೆ ಡಬ್ಬಿ ಬಂದ ಕಥೆ ಇಷ್ಟೇ, ಇದರಲ್ಲಿ ರುಚಿಗೇಡಿತನ ಎಲ್ಲಿಯೂ ಇಲ್ಲ.

ಹಾಗೆಂದು ತೋಟದ ದಾರಿಯನ್ನು ಪೂರ್ತಿ ಬಿಡಬೇಕಿಲ್ಲ. ನಿಮಗೆ ಗೊತ್ತಿರುವ ಬೆಳೆಗಾರರಿಂದ ಮಾರಾಟದ ಪಾರ್ಚ್‌ಮೆಂಟಿನಲ್ಲೇ ಐದಾರು ಕಿಲೋ ಕೇಳಿ ಪಡೆಯಿರಿ, ಪೇಟೆಯ ದರವೇ ಕೊಡಿ. ಹಸಿ ಬೀಜ ಒಣಗಿದ ಜಾಗದಲ್ಲಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸಿಪ್ಪೆ ತೆಗೆಸಿ, ಬೇಕಾದಷ್ಟನ್ನು ಮಾತ್ರ ಅಂಗಡಿಗೆ ಒಯ್ದು ಹುರಿಸಿಕೊಳ್ಳಿ. ಕೂಲಿಗೆ ಹುರಿದು ಕೊಡುವವರು ನಮ್ಮ ಕಡೆ ಸಿಗುತ್ತಾರೆ. ಆಗ ಒಂದು ಸುಖ ಉಂಟು: ಕುಡಿಯುತ್ತಿರುವುದು ಯಾವ ತಳಿ, ಎಷ್ಟು ಎತ್ತರದ್ದು ಎಂದು ಗೊತ್ತಿರುತ್ತದೆ. 1925ರಿಂದ ಕೆಲಸ ಮಾಡುತ್ತಿರುವ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಹಳೆಯ ಎಸ್. 795 ತಳಿಗೂ 2007ರಲ್ಲಿ ಬಂದ ಚಂದ್ರಗಿರಿಗೂ ಲೋಟದಲ್ಲಿ ಇರುವ ಅಂತರ ಸೂಪರ್ ಮಾರ್ಕೆಟ್ಟಿನ ಯಾವ ಡಬ್ಬಿಯಿಂದಲೂ ತಿಳಿಯದು. ನನ್ನನ್ನು ಕೇಳಿದರೆ ಹಾಲಿಲ್ಲದ ಬೆಲ್ಲದ ಕಾಫಿಗೆ ಹಳೆಯ 795ಕ್ಕೆ ಸಮ ಇಲ್ಲ.

ಅಮೆರಿಕದಿಂದ ಬಂದ ಡಬ್ಬಿ

ಮಗಳು ಡಲ್ಲಾಸ್‌ನಿಂದಲೋ, ಭಾವನ ಮಗ ನ್ಯೂಜೆರ್ಸಿಯಿಂದಲೋ ಬಂದಾಗ ಸೂಟ್‌ಕೇಸಿನಲ್ಲಿ ಒಂದು ಡಬ್ಬಿ ಇರುತ್ತದೆ. ಚಿಕ್ಕಮಗಳೂರಿಗೆ ಕಾಫಿ ತರುವುದು ತಮಾಷೆಯಾಗಿ ಕಂಡರೂ ಬಂದದ್ದನ್ನು ಎಸೆಯಲಾದೀತೇ? ಫೋಲ್ಜರ್ಸ್, ಮ್ಯಾಕ್ಸ್‌ವೆಲ್ ಹೌಸ್ ಡಬ್ಬಿಗಳ ಪುಡಿಯನ್ನು ಅಲ್ಲಿನ ಡ್ರಿಪ್ ಮಿಷನ್ನಿಗೆಂದು ಬೀಸಿರುತ್ತಾರೆ, ನಮ್ಮ ಫಿಲ್ಟರ್ ಪುಡಿಗಿಂತ ತರಿ. ಹುರಿಯುವುದೂ ಹದವಾಗಿ, ಚಿಕೋರಿ ಇಲ್ಲ. ನಮ್ಮ ಫಿಲ್ಟರ್‌ಗೆ ಹಾಕಿದರೆ ನೀರು ಸರ್ರನೆ ಇಳಿದು ಚಹಾದ ಬಣ್ಣದ ಡಿಕಾಕ್ಷನ್ ಬರುತ್ತದೆ. ಹಾಲು ಹಾಕಿದ ಮೇಲಂತೂ ಕಾಫಿಯನ್ನು ಹುಡುಕಬೇಕು. ಇಂಥ ಪುಡಿಗೆ ನಮ್ಮ ಅಜ್ಜಿಯರ ಕಾಲದ ಕ್ರಮವೇ ಸರಿ: ಕುದಿಯುವ ನೀರಿಗೆ ಪುಡಿ ಹಾಕಿ, ಒಂದು ಕುದಿ ಬಂದ ಮೇಲೆ ಇಳಿಸಿ ಮುಚ್ಚಿಟ್ಟು, ಚರಟ ತಳದಲ್ಲಿ ಕೂತ ಮೇಲೆ ಬಟ್ಟೆಯಲ್ಲಿ ಸೋಸುವುದು. ತರಿ ಪುಡಿಗೆ ಇದು ಹೇಳಿ ಮಾಡಿಸಿದಂತಿದೆ. ಬೆಲ್ಲ ಹಾಕಿ ಹಾಲಿಲ್ಲದೆ ಕುಡಿಯಿರಿ, ಡಬ್ಬಿಯ ಮೇಲಿನ ಸಿಟ್ಟು ಇಳಿಯುತ್ತದೆ.

ನ್ಯೂ ಆರ್ಲಿಯನ್ಸ್‌ನ ಕೆಫೆ ಡು ಮಾಂಡ್‌ನ ಹಳದಿ ಡಬ್ಬಿಯ ಸಂಗತಿ ಬೇರೆ. 1862ರಿಂದ ನಡೆಯುತ್ತಿರುವ ಆ ಅಂಗಡಿಯ ಪುಡಿಯಲ್ಲಿ ಚಿಕೋರಿ ಇದೆ, ಹುರಿತ ಕಪ್ಪಗಿದೆ. ಫ್ರೆಂಚರಿಂದ ಬಂದ ಅಭ್ಯಾಸ ಅದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬಂದರಿಗೆ ಕಾಫಿ ಬರುವುದು ನಿಂತಾಗ ಇನ್ನೂ ಗಟ್ಟಿಯಾಯಿತು. ಅಲ್ಲಿರುವ ನಮ್ಮವರು ಊರ ಕಾಫಿ ನೆನಪಾದಾಗ ಇದನ್ನೇ ಫಿಲ್ಟರ್‌ಗೆ ಹಾಕಿಕೊಳ್ಳುತ್ತಾರೆ, ತಕ್ಕಮಟ್ಟಿಗೆ ಒಗ್ಗುತ್ತದೆ ಕೂಡ. ಅಲ್ಲಿ ಅದು ಒಳ್ಳೆಯ ಆಯ್ಕೆ. ಇಲ್ಲಿಗೆ ಹೊತ್ತು ತರುವ ಅಗತ್ಯ ಮಾತ್ರ ಇಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಆ ಜಾಗದಲ್ಲಿ ಬಾದಾಮಿ ತಂದಾರು.

ಇನ್‌ಸ್ಟಂಟ್ ಬಗ್ಗೆ ಹೆಚ್ಚು ಹೇಳಲಾರೆ. ಅದು ಪುಡಿಯಲ್ಲ, ಡಿಕಾಕ್ಷನ್ನನ್ನೇ ಒಣಗಿಸಿದ್ದು. ನಂಜನಗೂಡಿನಲ್ಲಿ ನೆಸ್ಲೆಯ ದೊಡ್ಡ ಕಾರ್ಖಾನೆಯೇ ಇದೆ. ಪ್ರಯಾಣಕ್ಕೆ, ಹಾಸ್ಟೆಲ್ಲಿಗೆ, ರಾತ್ರಿ ಪಾಳಿಗೆ ಸಾಕು. ಅಲ್ಲಿಯೂ ಚಿಕೋರಿ ಬೆರೆಸಿದ್ದು, ಬೆರೆಸದ್ದು ಎಂದು ಎರಡಿವೆ, ಚೀಟಿ ನೋಡಿ. ಹುರಿದ ತಾರೀಖು ಅಚ್ಚು ಹಾಕಿ, ತೋಟದ ಹೆಸರು ಬರೆದು ಮಾರುವ ಹೊಸ ಪೀಳಿಗೆಯ ಪೊಟ್ಟಣಗಳು ನಿಜಕ್ಕೂ ಒಳ್ಳೆಯವು. ಆದರೆ ಅವನ್ನು ಹದವಾಗಿ ಹುರಿದಿರುವುದು ಹಾಲಿಲ್ಲದೆ ಕುಡಿಯುವವರಿಗಾಗಿ. ಅಷ್ಟು ದುಡ್ಡು ಕೊಟ್ಟು ತಂದು ಮುಕ್ಕಾಲು ಲೋಟ ಹಾಲು, ಎರಡು ಚಮಚ ಸಕ್ಕರೆ ಸುರಿಯುವುದಾದರೆ ಆ ದುಡ್ಡಿಗೆ ಪೀಬೆರಿ ಎರಡರಷ್ಟು ಬರುತ್ತಿತ್ತು.

ಹಾಗಾದರೆ ಯಾರಿಗೆ ಯಾವುದು?

ನಾಲ್ಕೈದು ಜನ ಕುಡಿಯುವ ಮನೆ, ಪೇಟೆಗೆ ವಾರಕ್ಕೊಮ್ಮೆಯಾದರೂ ಹೋಗಿಬರುವವರು: ಯೋಚನೆಯೇ ಬೇಡ, ಬೀಸುವ ಅಂಗಡಿ. ವಾರಕ್ಕೆ ಬೇಕಾದಷ್ಟನ್ನು ಮೀರಿ ಒಮ್ಮೆಗೆ ತರಬೇಡಿ. ಒಂದು ಕಿಲೋ ಒಟ್ಟಿಗೆ ಬೀಸಿಸಿ ತಂದು ತಿಂಗಳಿಡೀ ಬಳಸುವುದಾದರೆ ಅಂಗಡಿಗೆ ಹೋದ ಲಾಭವೇ ಇಲ್ಲ, ಅದಕ್ಕಿಂತ ಡಬ್ಬಿ ಮೇಲು.

ಒಬ್ಬರೇ ಇರುವವರು, ದಿನಕ್ಕೆ ಒಂದು ಲೋಟದವರು, ಕಳಸ, ಮಲ್ಲಂದೂರು ಕಡೆಯ ಒಳಗಿನ ಊರುಗಳಲ್ಲಿದ್ದು ಪೇಟೆಗೆ ತಿಂಗಳಿಗೊಮ್ಮೆ ಇಳಿಯುವವರು ಮುಚ್ಚಿದ ಪ್ಯಾಕೆಟ್ಟು ಕೊಳ್ಳುವುದರಲ್ಲಿ ಅವಮಾನ ಏನೂ ಇಲ್ಲ. ಒಂದೇ ಷರತ್ತು: ಅರ್ಧ ಕಿಲೋ ಡಬ್ಬಿ ಒಂದರ ಬದಲು 100 ಗ್ರಾಂ ಪೊಟ್ಟಣ ಐದು ತನ್ನಿ. ಡಬ್ಬಿ ಕಾಫಿಯ ಕಾವಲು ಮುಚ್ಚಳ ತೆರೆಯುವವರೆಗೆ ಮಾತ್ರ. ತೆರೆದ ಮೇಲೆ ಅದಕ್ಕೂ ಅಂಗಡಿಯ ಪುಡಿಗೂ ವ್ಯತ್ಯಾಸವಿಲ್ಲ, ಎರಡೂ ಒಂದೇ ವೇಗದಲ್ಲಿ ಕೆಡುತ್ತವೆ. ಪ್ಯಾಕ್ ಮಾಡಿದ ತಿಂಗಳು ನೋಡಿ ಹತ್ತಿರದ್ದನ್ನೇ ಎತ್ತಿಕೊಳ್ಳಿ. ಕಪಾಟಿನಲ್ಲಿ ಹೊಸದನ್ನು ಹಿಂದೆಯೇ ಜೋಡಿಸಿರುತ್ತಾರೆ, ಕೈ ಚಾಚಿ ತೆಗೆಯಬೇಕು. ಗಾಳಿ ತೆಗೆದ ಪೊಟ್ಟಣ ಅಂಗಡಿಯಲ್ಲೇ ಮೆತ್ತಗಾಗಿದ್ದರೆ ಅದು ಎಲ್ಲೋ ತೂತಾಗಿದೆ ಎಂದರ್ಥ, ಮುಟ್ಟಬೇಡಿ.

ರುಚಿಯ ಹುಚ್ಚಿದ್ದು ಸಮಯವೂ ಇರುವವರು ಹುರಿದ ಬೀಜ ತಂದು ಮನೆಯಲ್ಲಿ ಬೀಸಿಕೊಳ್ಳಲಿ. ಕೈಯಲ್ಲಿ ತಿರುಗಿಸುವ ಸಣ್ಣ ಬೀಸುವ ಯಂತ್ರ ಸಾಕು. ಮಿಕ್ಸಿಯಲ್ಲಿ ಮಾಡುವುದಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜಾರು ಬಿಸಿಯಾಗಬಾರದು; ಮತ್ತು ಆ ಜಾರಲ್ಲಿ ಸಾರಿನ ಪುಡಿ ಮಾಡಬಾರದು. ಈ ಎರಡನೆಯ ನಿಯಮವನ್ನು ಮನೆಯವರೆಲ್ಲ ಪಾಲಿಸುವಂತೆ ಮಾಡುವುದು ಹುರಿಯುವುದಕ್ಕಿಂತ ಕಷ್ಟ.

ಮಳೆಗಾಲದಲ್ಲಿ ಮಾತ್ರ ಈ ಲೆಕ್ಕವೆಲ್ಲ ಸ್ವಲ್ಪ ಡಬ್ಬಿಯ ಕಡೆಗೇ ವಾಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಲೆನಾಡಿನಲ್ಲಿ ಉಪ್ಪು ನೀರೊಡೆಯುತ್ತದೆ, ಬೆಂಕಿಪೊಟ್ಟಣ ಹತ್ತುವುದಿಲ್ಲ, ಇನ್ನು ಕಾಫಿ ಪುಡಿ ಗಂಟು ಕಟ್ಟದೆ ಇದ್ದೀತೇ? ಹುರಿದ ಕಾಫಿ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ, ಚಿಕೋರಿ ಅದಕ್ಕಿಂತ ಬೇಗ. ಆ ನಾಲ್ಕು ತಿಂಗಳು ಬೀಸುವ ಅಂಗಡಿಯಿಂದ 100 ಗ್ರಾಂ ಮಾತ್ರ ತನ್ನಿ, ಇಲ್ಲವೇ ಸಣ್ಣ ಪೊಟ್ಟಣಗಳಿಗೆ ಹೋಗಿ. ಪುಡಿ ಹಾಕುವ ಡಬ್ಬಿ ಪುಡಿಯ ಅಳತೆಗೆ ತಕ್ಕಷ್ಟೇ ಇರಲಿ. ದೊಡ್ಡ ಡಬ್ಬಿಯ ತಳದಲ್ಲಿ ಎರಡು ಚಮಚ ಪುಡಿ ಉಳಿದಿದ್ದರೆ ಮೇಲಿನದೆಲ್ಲ ಒದ್ದೆ ಗಾಳಿಯೇ. ಹಬೆ ಆಡುವ ಒಲೆಯ ಪಕ್ಕದ ಗೂಡು ಬೇಡ, ಒದ್ದೆ ಚಮಚವಂತೂ ಬೇಡವೇ ಬೇಡ. ಫ್ರಿಜ್ಜಿನಲ್ಲಿ ಇಡುವುದಾದರೆ ಇನ್ನೂ ತೆರೆಯದ ಪೊಟ್ಟಣವನ್ನು ಇಡಿ. ದಿನಾ ಬಳಸುವ ಡಬ್ಬಿಯನ್ನು ಒಳಗೆ ಹೊರಗೆ ಮಾಡುತ್ತಿದ್ದರೆ ತಣ್ಣನೆಯ ಪುಡಿಯ ಮೇಲೆ ಹೊರಗಿನ ತೇವ ಬೆವರಿನಂತೆ ಕೂರುತ್ತದೆ, ಪಕ್ಕದಲ್ಲಿಟ್ಟ ಬೆಳ್ಳುಳ್ಳಿಯ ವಾಸನೆಯೂ ಜೊತೆಗೆ ಬರುತ್ತದೆ.